ರದೀಶ್ಚೆವ್ ಮತ್ತು ಅವನ 'ಪ್ರಯಾಣ': ಪದೇ ಪದೇ ಕೇಳುವ ಪ್ರಶ್ನೆಗಳು

ರದೀಶ್ಚೆವ್ ಯಾರು?

ಒಂದು ಪುಸ್ತಕ ಬರೆದದ್ದಕ್ಕೆ ಮರಣದಂಡನೆ ಹಾಕಿಸಿಕೊಂಡ ರಷ್ಯನ್ ಲೇಖಕ. ಪೂರ್ತಿ ಹೆಸರು ಅಲೆಕ್ಸಾಂಡರ್ ನಿಕೊಲಾಯೆವಿಚ್ ರದೀಶ್ಚೆವ್. ಹುಟ್ಟಿದ್ದು 1749ರಲ್ಲಿ, ತೀರಿಕೊಂಡಿದ್ದು 1802ರಲ್ಲಿ. ಹೊಟ್ಟೆಪಾಡಿಗೆ ಸರ್ಕಾರಿ ನೌಕರಿ. ಪೀಟರ್ಸ್‌ಬರ್ಗ್‌ನ ಸುಂಕದ ಕಚೇರಿಗೆ ಮುಖ್ಯಸ್ಥನಾಗಿದ್ದ. 1790ರ ಮೇ ತಿಂಗಳಲ್ಲಿ 'ಪೀಟರ್ಸ್‌ಬರ್ಗ್‌ನಿಂದ ಮಾಸ್ಕೋಗೆ ಪ್ರಯಾಣ' ಅನ್ನುವ ಪುಸ್ತಕ ಹೊರತಂದ. ಅದರ ಮೇಲೆ ತನ್ನ ಹೆಸರು ಹಾಕಿರಲಿಲ್ಲ. ಆದರೂ ಜೂನ್ ಮುಗಿಯುವಷ್ಟರಲ್ಲಿ ಕೋಟೆಯ ಸೆರೆಮನೆಯಲ್ಲಿದ್ದ.

ಅವನು ವಿರೋಧಿಸಿದ್ದು ಜೀತವನ್ನು ಅಂತಾರೆ. ನಮ್ಮ ಕಡೆಯ ಜೀತದ ಥರಾನಾ ಅದು?

ಹತ್ತಿರದ್ದು, ಆದರೆ ಅದೇ ಅಲ್ಲ. ನಮ್ಮಲ್ಲಿ ಜೀತ ಅಂದರೆ ಜಾಸ್ತಿ ಸಲ ಸಾಲದಿಂದ ಶುರುವಾಗುತ್ತಿತ್ತು. ಅಪ್ಪ ಸಾಲ ಮಾಡುತ್ತಿದ್ದ, ಮಗ ಧಣಿಯ ಮನೆಯಲ್ಲಿ ದುಡಿಯುತ್ತಿದ್ದ. ರಷ್ಯಾದಲ್ಲಿ ಅದಕ್ಕೆ ಸಾಲ ಬೇಕಿರಲಿಲ್ಲ, ಆ ಊರಿನ ಆ ಮನೆಯಲ್ಲಿ ಹುಟ್ಟಿದರೆ ಸಾಕಿತ್ತು.

1649ರ ಕಾನೂನು ರೈತರನ್ನು ಜಮೀನಿಗೆ ಕಟ್ಟಿಹಾಕಿತು. ಓಡಿಹೋದವನು ಎಷ್ಟು ವರ್ಷದ ಮೇಲೆ ಸಿಕ್ಕರೂ ಹಿಡಿದು ತಂದು ಧಣಿಗೆ ಒಪ್ಪಿಸಬಹುದಿತ್ತು. ಬರುಬರುತ್ತಾ ಜಮೀನು ಬೇರೆ, ಜನ ಬೇರೆ ಅಂತಲೂ ಮಾರತೊಡಗಿದರು. 1760ರಿಂದ ಧಣಿಗೆ ತನ್ನ ಆಳನ್ನು ಸೈಬೀರಿಯಾಕ್ಕೆ ಕಳಿಸುವ ಅಧಿಕಾರ ಬಂತು. 1765ರಲ್ಲಿ ಕಠಿಣ ದುಡಿಮೆಗೆ ತಳ್ಳುವ ಅಧಿಕಾರವೂ ಸಿಕ್ಕಿತು. 1767ರಲ್ಲಿ ಇನ್ನೊಂದು ಆಜ್ಞೆ ಹೊರಟಿತು: ರೈತ ತನ್ನ ಧಣಿಯ ಮೇಲೆ ರಾಣಿಗೆ ದೂರು ಕೊಡುವ ಹಾಗಿಲ್ಲ, ಕೊಟ್ಟರೆ ಕೊಟ್ಟವನಿಗೇ ಶಿಕ್ಷೆ. ನನಗೆ ಎಲ್ಲಕ್ಕಿಂತ ಕ್ರೂರ ಅನ್ನಿಸುವುದು ಈ ಕೊನೆಯದು. ಏಟಾದರೂ ಒಂದು ದಿನ ವಾಸಿಯಾಗುತ್ತದೆ. ಬಾಯಿ ಕಟ್ಟಿಬಿಟ್ಟರೆ ಇನ್ನು ಯಾರ ಹತ್ತಿರ ಹೋಗುವುದು?

ಕೆಲಸ ಎರಡು ಥರ ಇತ್ತು. ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯುವುದು 'ಬಾರ್ಶ್ಚಿನಾ'. ವರ್ಷಕ್ಕೆ ಇಷ್ಟು ಅಂತ ದುಡ್ಡನ್ನೋ ದವಸವನ್ನೋ ಒಪ್ಪಿಸುವುದು 'ಒಬ್ರೋಕ್'. ಪುಸ್ತಕದಲ್ಲಿ ಈ ಎರಡು ಮಾತು ಆಗಾಗ ಬರುತ್ತವೆ.

ಅವನೇ ಜಮೀನ್ದಾರರ ಮನೆಯವನು ಅಲ್ವಾ?

ಹೌದು. ಅದನ್ನು ಅವನು ಮುಚ್ಚಿಡಲೂ ಇಲ್ಲ. ಬೆಳೆದದ್ದು ವೆರ್ಖ್ನೆಯೆ ಅಬ್ಲ್ಯಾಜೊವೊ ಅನ್ನುವ ಹಳ್ಳಿಯಲ್ಲಿ. ಅದು ಈಗಿನ ಪೆಂಜಾ ಪ್ರಾಂತ್ಯದಲ್ಲಿದೆ. ಅಪ್ಪನಿಗೆ ದೊಡ್ಡ ಜಮೀನು, ಅದರ ಜೊತೆ ಜೀತದ ಜನ.

ಅವರ ಮನೆಯ ಒಂದು ಕಥೆ ಹೇಳಲೇಬೇಕು. 1773ರಿಂದ 1775ರ ತನಕ ಪುಗಚೋವ್ ಎಂಬ ಕಸಾಕನ (ಗಡಿನಾಡಿನ ಕುದುರೆ ಸವಾರ ಯೋಧ) ಹಿಂದೆ ಸಾವಿರಾರು ರೈತರು ದಂಗೆ ಎದ್ದಿದ್ದರು. ಹಾದಿಯಲ್ಲಿ ಸಿಕ್ಕ ಜಮೀನ್ದಾರರನ್ನು ಕೊಲ್ಲುತ್ತಾ ಬಂದರು. ದಂಗೆ ಈ ಕಡೆಗೂ ಬಂದಾಗ ಅಪ್ಪ ಕಾಡಿನಲ್ಲಿ ಬಚ್ಚಿಟ್ಟುಕೊಂಡ. ಸಣ್ಣ ಮಕ್ಕಳನ್ನು ರೈತರು ತಮ್ಮ ಗುಡಿಸಲುಗಳಿಗೆ ಕರೆದೊಯ್ದರು. ಧಣಿ ಮಕ್ಕಳು ಅಂತ ಗುರುತು ಸಿಗಬಾರದಲ್ಲ, ಅದಕ್ಕೆ ಮುಖಕ್ಕೆ ಮಸಿ, ಕೆಸರು ಬಳಿದರು. ಒಬ್ಬನೇ ಒಬ್ಬ ಬಾಯಿಬಿಟ್ಟಿದ್ದರೂ ಮನೆ ಪೂರ್ತಿ ನಾಶವಾಗುತ್ತಿತ್ತು. ಯಾರೂ ಬಿಡಲಿಲ್ಲ. ಇದನ್ನು ಬರೆದಿಟ್ಟವನು ರದೀಶ್ಚೆವ್‌ನ ಮಗ ಪಾವೆಲ್.

ಇಂಥ ವಿಚಾರ ಅವನ ತಲೆಗೆ ಬಂದದ್ದು ಎಲ್ಲಿಂದ?

ಕಳಿಸಿದವಳು ರಾಣಿಯೇ. ಎರಡನೆಯ ಕ್ಯಾಥರೀನ್ 1766ರಲ್ಲಿ 12 ಮಂದಿ ಹುಡುಗರನ್ನು ಕಾನೂನು ಓದಲು ಜರ್ಮನಿಯ ಲೈಪ್ಜಿಗ್‌ಗೆ ಕಳಿಸಿದಳು. ಅವರಲ್ಲಿ ಅರಮನೆಯ ಚಾಕರಿ ಕಲಿಯುತ್ತಿದ್ದ 17 ವರ್ಷದ ರದೀಶ್ಚೆವ್ ಕೂಡ ಒಬ್ಬ. ಹುಡುಗರನ್ನು ನೋಡಿಕೊಳ್ಳಲು ಬೊಕುಮ್ ಎಂಬ ಮೇಜರ್ ಇದ್ದ. ಹುಡುಗರ ಖರ್ಚಿನ ದುಡ್ಡು ನುಂಗುತ್ತಿದ್ದ, ಊಟ ಸರಿ ಇಲ್ಲ, ಕೋಣೆಗೆ ಬೆಂಕಿ ಇಲ್ಲ. ಒಂದು ದಿನ ಒಬ್ಬ ಹುಡುಗನ ಕೆನ್ನೆಗೆ ಬಾರಿಸಿದಾಗ ಎಲ್ಲರೂ ತಿರುಗಿಬಿದ್ದರು. ಒಂದು ಮನೆಯೊಳಗೇ ನಿರಂಕುಶ ಆಳ್ವಿಕೆ ಹೇಗಿರುತ್ತದೆ ಅಂತ ಅವರು ಅಲ್ಲಿ ಕಂಡರು. ಓದಿದ ಫ್ರೆಂಚ್ ಪುಸ್ತಕಗಳಿಗಿಂತ ಅದೇ ಮೈಗೆ ಹತ್ತಿತ್ತು ಅಂತ ನನಗನ್ನಿಸುತ್ತದೆ.

1771ರಲ್ಲಿ ವಾಪಸ್ ಬಂದ. 1773ರಲ್ಲಿ ಫ್ರೆಂಚ್ ಚಿಂತಕ ಮಾಬ್ಲಿಯ ಗ್ರೀಕ್ ಇತಿಹಾಸದ ಪುಸ್ತಕವನ್ನು ರಷ್ಯನ್‌ಗೆ ತಂದಾಗ ಒಂದು ಅಡಿಟಿಪ್ಪಣಿ ಸೇರಿಸಿದ: ಒಬ್ಬನೇ ಆಳುವ ನಿರಂಕುಶ ಆಳ್ವಿಕೆ ಮನುಷ್ಯ ಸ್ವಭಾವಕ್ಕೆ ಎಲ್ಲಕ್ಕಿಂತ ಹೆಚ್ಚು ವಿರುದ್ಧವಾದ ಸ್ಥಿತಿ. ಆಗ ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಪುಸ್ತಕದಲ್ಲಿ ಅಂಥದ್ದೇನಿದೆ?

ಒಬ್ಬ ಶ್ರೀಮಂತ ಗಾಡಿ ಕಟ್ಟಿಸಿಕೊಂಡು ಪೀಟರ್ಸ್‌ಬರ್ಗ್‌ನಿಂದ ಹೊರಡುತ್ತಾನೆ. ದಾರಿಯಲ್ಲಿ ಕುದುರೆ ಬದಲಿಸುವ ಅಂಚೆ ನಿಲ್ದಾಣಗಳಿವೆ. ಒಂದೊಂದು ನಿಲ್ದಾಣದ ಹೆಸರೇ ಒಂದೊಂದು ಅಧ್ಯಾಯಕ್ಕೆ. ಅಲ್ಲಲ್ಲಿ ಕಂಡದ್ದು, ಕೇಳಿದ್ದು, ಯಾರೋ ಬಿಟ್ಟುಹೋದ ಕಾಗದ, ಒಂದು ಕನಸು, ಒಂದು ಪದ್ಯ, ಹೀಗೆ ಸಾಗುತ್ತದೆ.

ಲ್ಯೂಬಾನಿ ಅನ್ನುವ ನಿಲ್ದಾಣದ ಹತ್ತಿರ ಏನಾಗುತ್ತದೆ ನೋಡಿ. ಭಾನುವಾರ, ಸುಡುವ ಬಿಸಿಲು. ಒಬ್ಬ ರೈತ ಉಳುತ್ತಿದ್ದಾನೆ. ವಾರವೆಲ್ಲ ಬಿಡುವಿಲ್ಲವಾ, ಭಾನುವಾರವೂ ಉಳಬೇಕಾ ಅಂತ ಪ್ರಯಾಣಿಕ ಕೇಳುತ್ತಾನೆ. ರೈತ ಹೇಳುತ್ತಾನೆ: ವಾರಕ್ಕೆ ಆರು ದಿನ ಧಣಿ, ಆರು ದಿನವೂ ಒಡೆಯರ ಹೊಲಕ್ಕೆ ಹೋಗುತ್ತೇವೆ. ಹಬ್ಬದ ದಿನ ಮತ್ತು ರಾತ್ರಿ ಮಾತ್ರ ನಮ್ಮದು. ಅವನ ಹತ್ತಿರ ಎರಡು ಕುದುರೆ ಇವೆ. ಒಂದು ದಣಿದರೆ ಅದನ್ನು ಬಿಟ್ಟು ಇನ್ನೊಂದನ್ನು ಕಟ್ಟುತ್ತಾನೆ. ದಣಿವಾರಿಸಿಕೊಳ್ಳುವ ಸರದಿ ಕುದುರೆಗಳಿಗಿದೆ, ಅವನಿಗಿಲ್ಲ. ಒಡೆಯನ ಹೊಲದಲ್ಲೂ ಹೀಗೇ ಮೈಮುರಿದು ದುಡಿಯುತ್ತೀಯಾ ಅಂದರೆ ಉತ್ತರ ಹೀಗಿದೆ: ಅಲ್ಲಿ ಒಂದು ಬಾಯಿಗೆ ನೂರು ಕೈ, ನನ್ನಲ್ಲಿ ಏಳು ಬಾಯಿಗೆ ಎರಡೇ ಕೈ, ಲೆಕ್ಕ ನಿಮಗೇ ಗೊತ್ತಲ್ಲ.

ಇಷ್ಟಕ್ಕೇ ನಿಂತಿದ್ದರೆ ಅದು ಒಳ್ಳೆಯ ಮನಸ್ಸಿನ ಶ್ರೀಮಂತನೊಬ್ಬನ ಮರುಕ ಆಗಿರುತ್ತಿತ್ತು. ಆದರೆ ಪ್ರಯಾಣಿಕ ಗಾಡಿ ಹತ್ತಿದ ಮೇಲೆ ಅವನ ಕಣ್ಣು ತನ್ನ ಆಳು ಪೇತ್ರೂಷ್ಕನ ಮೇಲೆ ಬೀಳುತ್ತದೆ. ಗಾಡಿಯಲ್ಲಿ ಕೂತು ತೂಕಡಿಸುತ್ತಿದ್ದಾನೆ ಪಾಪ. ತನ್ನನ್ನೇ ತಾನು ಕೇಳಿಕೊಳ್ಳುತ್ತಾನೆ: ಆ ರೈತನ ಒಡೆಯನ ಮೇಲೆ ಸಿಟ್ಟಾಗುತ್ತೀಯಲ್ಲ, ನೀನು ಇವನಿಗೆ ಮಾಡುತ್ತಿರುವುದೇನು? ಬಡವನಿಗೆ ಇರುವ ಒಂದೇ ಸುಖ ನಿದ್ದೆ, ಅದನ್ನೂ ಕಿತ್ತುಕೊಂಡೆಯಲ್ಲ? ಒಂದು ದಿನ ಇವನು ಕುಡಿದಿದ್ದ, ನಿನಗೆ ಬಟ್ಟೆ ತೊಡಿಸಲು ತಡಮಾಡಿದ, ಕೆನ್ನೆಗೆ ಹೊಡೆದೆ, ನೆನಪಿದೆಯಾ? ಅವನು ಅವತ್ತು ತಿರುಗಿ ಅಷ್ಟೇ ಬಲವಾಗಿ ಕೊಟ್ಟಿದ್ದರೆ! ಇವನ ಮೇಲೆ ನಿನಗೆ ಅಧಿಕಾರ ಕೊಟ್ಟವರು ಯಾರು? ಕಾನೂನು. ಆ ಹೆಸರು ಹೇಳಲು ನಿನಗೆ ನಾಚಿಕೆಯಾಗುವುದಿಲ್ಲವಾ? ಅಷ್ಟು ಹೊತ್ತಿಗೆ ಅವನ ಕಣ್ಣಲ್ಲಿ ನೀರು. ಹಾಗೇ ಅಳುತ್ತಿರುವಾಗಲೇ ಕುದುರೆಗಳು ಅವನನ್ನು ಮುಂದಿನ ನಿಲ್ದಾಣಕ್ಕೆ ತಂದು ನಿಲ್ಲಿಸುತ್ತವೆ.

ಮೊದಲ ಸಲ ಓದಿದಾಗ ನಾನು ಇಲ್ಲೇ ನಿಂತುಬಿಟ್ಟೆ. ಬೇರೆಯವರ ತಪ್ಪು ಎಣಿಸುವುದು ಸುಲಭ. ಇವನು ಇಡೀ ವ್ಯವಸ್ಥೆಯ ಮೇಲಿನ ದೂರನ್ನು ತನ್ನ ಕೈಯಿಂದ ಬಿದ್ದ ಒಂದು ಏಟಿನಿಂದ ಶುರು ಮಾಡುತ್ತಾನೆ. ಈ ಪುಸ್ತಕ ಇನ್ನೂ ಬದುಕಿರುವುದು ಅದಕ್ಕೇ ಅಂತ ನನ್ನ ನಂಬಿಕೆ.

ಮುಂದೆ ಮೇದ್ನೊಯೆ ಅನ್ನುವಲ್ಲಿ ಮನುಷ್ಯರ ಹರಾಜು. 75 ವರ್ಷದ ಮುದುಕ ನಿಂತಿದ್ದಾನೆ. ಧಣಿಯ ಅಪ್ಪನನ್ನು ಯುದ್ಧದಲ್ಲಿ ಉಳಿಸಿದವನು, ಧಣಿ ಚಿಕ್ಕವನಾಗಿ ನೀರಿಗೆ ಬಿದ್ದಾಗ ಮೇಲೆತ್ತಿದವನು. ಪಕ್ಕದಲ್ಲಿ ಅವನ 80 ವರ್ಷದ ಹೆಂಡತಿ, ಧಣಿಯ ತಾಯಿಗೆ ಮೊಲೆಯೂಡಿದವಳು. ಅವರ ಜೊತೆ ಮೊಮ್ಮಗಳು, ಅವಳ ಕೈಯಲ್ಲಿ ಧಣಿಯ ಬಲಾತ್ಕಾರದಿಂದ ಹುಟ್ಟಿದ ಮಗು. ಎಲ್ಲರನ್ನೂ ಕೂಗಿ ಮಾರುತ್ತಿದ್ದಾರೆ.

ರಾಜರ ಬಗ್ಗೆ ನೇರವಾಗಿ ಏನಾದರೂ ಬರೆದಿದ್ದನಾ?

ಬರೆದಿದ್ದ. ಒಂದು ಅಧ್ಯಾಯದಲ್ಲಿ ಪ್ರಯಾಣಿಕ ತಾನೇ ರಾಜನಾದ ಹಾಗೆ ಕನಸು ಕಾಣುತ್ತಾನೆ. ಸುತ್ತ ಎಲ್ಲರೂ ಹೊಗಳುತ್ತಿದ್ದಾರೆ. ಆಗ ಒಬ್ಬ ಹೆಂಗಸು ಮುಂದೆ ಬಂದು ನಿನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ ಅನ್ನುತ್ತಾಳೆ, ಪೊರೆ ತೆಗೆಯುತ್ತಾಳೆ. ನೋಡಿದರೆ ಮಿರಿಮಿರಿ ಮಿಂಚುತ್ತಿದ್ದ ಉಡುಪಿಗೆ ರಕ್ತ ಮೆತ್ತಿದೆ, ಕಣ್ಣೀರಿನಲ್ಲಿ ನೆನೆದಿದೆ. ಇನ್ನೊಂದು ಕಡೆ 'ಸ್ವಾತಂತ್ರ್ಯ' ಅನ್ನುವ ಅವನದೇ ಪದ್ಯದ ಭಾಗಗಳಿವೆ. ಜನರ ಮೇಲೆ ಕ್ರೌರ್ಯ ಮಾಡಿದ ರಾಜನನ್ನು ಜನರೇ ವಿಚಾರಣೆಗೆ ನಿಲ್ಲಿಸುವ ಮಾತು ಅದರಲ್ಲಿದೆ. ಕ್ಯಾಥರೀನ್ ಅದನ್ನು ತನಗೇ ಹಾಕಿದ ಬೆದರಿಕೆ ಅಂತ ಓದಿದಳು.

ಇಂಥ ಪುಸ್ತಕ ಸೆನ್ಸಾರ್ ದಾಟಿದ್ದು ಹೇಗೆ?

ಓದದೇ ಇದ್ದದ್ದರಿಂದ. ಆಗ ಪುಸ್ತಕಗಳಿಗೆ ಒಪ್ಪಿಗೆ ಕೊಡಬೇಕಾದವನು ನಗರದ ಪೊಲೀಸ್ ಮುಖ್ಯಸ್ಥ ನಿಕಿತಾ ರಿಲೆಯೆವ್. ಊರುಗಳ ಹೆಸರಿರುವ ಅಧ್ಯಾಯಗಳನ್ನು ಕಂಡು ಸುಮ್ನೆ ಪ್ರವಾಸದ ಪುಸ್ತಕ ಅಂದುಕೊಂಡು ಸಹಿ ಹಾಕಿದ. ಸಹಿ ಬಿದ್ದ ಮೇಲೆ ರದೀಶ್ಚೆವ್ ಇನ್ನಷ್ಟು ಭಾಗ ಸೇರಿಸಿದ. ಇದೂ ಮುಂದೆ ಅವನ ಮೇಲಿನ ಆರೋಪವಾಯಿತು.

ಅಚ್ಚಿನ ಕಥೆ ಬೇರೆಯೇ ಇದೆ. 1783ರಲ್ಲಿ ಕ್ಯಾಥರೀನ್ ಖಾಸಗಿಯವರೂ ಮುದ್ರಣಾಲಯ ಇಟ್ಟುಕೊಳ್ಳಬಹುದು ಅಂತ ಆಜ್ಞೆ ಹೊರಡಿಸಿದ್ದಳು. ರದೀಶ್ಚೆವ್ ಸಾಲದ ಮೇಲೆ ಒಂದು ಅಚ್ಚಿನ ಯಂತ್ರ ತಂದು ಮನೆಯಲ್ಲೇ ಇಟ್ಟುಕೊಂಡ. ಆ ಬೀದಿಗೆ ಆಗ ಗ್ರ್ಯಾಜ್ನಾಯಾ ಅಂತ ಹೆಸರು, ಅಂದರೆ ಕೆಸರಿನ ಬೀದಿ. ಈಗ ಮರಾತ್ ಬೀದಿ. ಮನೆಯ ಆಳುಗಳು, ಸುಂಕದ ಕಚೇರಿಯ ಕೆಲವರು ಕೈಜೋಡಿಸಿ ಸುಮಾರು 650 ಪ್ರತಿ ತೆಗೆದರು. ಅದರಲ್ಲಿ ಸುಮಾರು 25 ಪ್ರತಿ ಜೊತೊವ್ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಹೋದವು. ಕೆಲವು ಗೆಳೆಯರಿಗೆ ಹೋದವು. ಹಿಡಿಯಲು ಬರುತ್ತಾರೆ ಅಂತ ಗೊತ್ತಾದಾಗ ಉಳಿದದ್ದನ್ನೆಲ್ಲ ಅವನೇ ಸುಟ್ಟುಹಾಕಿದ. ಮೊದಲ ಅಚ್ಚಿನ ಪ್ರತಿಗಳು ಇವತ್ತು ಬೆರಳೆಣಿಕೆಯಷ್ಟು ಮಾತ್ರ ಇವೆ.

ಕ್ಯಾಥರೀನ್ ಫ್ರೆಂಚ್ ಚಿಂತಕ ವೋಲ್ಟೇರ್‌ಗೆ ಕಾಗದ ಬರೆಯುತ್ತಿದ್ದ ರಾಣಿ. ಅವಳಿಗೇಕೆ ಅಷ್ಟು ಸಿಟ್ಟು?

ಕಾಲ ಬದಲಾಗಿತ್ತು. 1767ರಲ್ಲಿ ಹೊಸ ಕಾನೂನಿಗಾಗಿ ಬರೆದ ಸೂಚನೆಗಳಲ್ಲಿ ಇನ್ನೊಬ್ಬ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂನ ಮಾತುಗಳನ್ನು ಎತ್ತಿಕೊಂಡವಳು ಅವಳೇ. ಆದರೆ ಆಮೇಲೆ ಪುಗಚೋವ್ ದಂಗೆ ಆಯಿತು. 1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಆಯಿತು. ಮರುವರ್ಷವೇ ಈ ಪುಸ್ತಕ ಮೇಜಿನ ಮೇಲೆ ಬಂದರೆ ಹೇಗನ್ನಿಸಿರಬೇಡ?

ಅವಳು ಪುಸ್ತಕವನ್ನು ಕೂತು ಓದಿದಳು, ಪುಟಪುಟಕ್ಕೂ ಟಿಪ್ಪಣಿ ಬರೆದಳು. ಬರೆದವನಿಗೆ ಫ್ರೆಂಚರ ಹುಚ್ಚು ಅಂಟಿದೆ ಅಂದಳು. ಒಳ್ಳೆಯ ಧಣಿಯ ಕೈಕೆಳಗಿನ ನಮ್ಮ ರೈತರಷ್ಟು ಸುಖಿಗಳು ಲೋಕದಲ್ಲಿ ಎಲ್ಲೂ ಇಲ್ಲ ಅಂತಲೂ ಬರೆದಳು. ಅವಳ ಕಾರ್ಯದರ್ಶಿ ಖ್ರಪೊವಿತ್ಸ್ಕಿ ತನ್ನ ದಿನಚರಿಯಲ್ಲಿ ಬರೆದಿಟ್ಟ ಮಾತು ಎಲ್ಲರಿಗೂ ಗೊತ್ತು: 'ಪುಗಚೋವ್‌ಗಿಂತ ಕೆಟ್ಟ ಬಂಡಾಯಗಾರ.'

ಪುಗಚೋವ್ ಊರುಗಳನ್ನು ಸುಟ್ಟವನು. ಈ ಮನುಷ್ಯ ಕತ್ತಿ ಮುಟ್ಟಿದವನಲ್ಲ. ಆದರೂ ಅವಳಿಗೆ ಇವನೇ ಹೆಚ್ಚು ಅಪಾಯ ಅನ್ನಿಸಿದ. ಹೊರಗಿನ ಶತ್ರುವಿನ ಜೊತೆ ಕಾದಾಡಬಹುದು. ಒಳಗೇ ಬೆಳೆದವನು, ತಾನೇ ಓದಿಸಿದವನು, ತಾನೇ ಪದವಿ ಕೊಟ್ಟವನು ಇದೆಲ್ಲ ಅನ್ಯಾಯ ಅಂದರೆ ಏನು ಮಾಡುವುದು?

ಶಿಕ್ಷೆ ಏನಾಯಿತು?

1790ರ ಜೂನ್ 30ರಂದು ಹಿಡಿದು ಪೀಟರ್ ಮತ್ತು ಪಾಲ್ ಕೋಟೆಯಲ್ಲಿಟ್ಟರು. (ಈ ದಿನಾಂಕಗಳು ಆಗಿನ ರಷ್ಯನ್ ಪಂಚಾಂಗದವು. ಈಗಿನ ಲೆಕ್ಕಕ್ಕೆ 11 ದಿನ ಸೇರಿಸಿಕೊಳ್ಳಿ.) ಜುಲೈ 24ರಂದು ಕೋರ್ಟು ಮರಣದಂಡನೆ ಅಂದಿತು. ಸೆನೆಟ್ ಅದನ್ನೇ ಎತ್ತಿಹಿಡಿಯಿತು. ಸೆಪ್ಟೆಂಬರ್ 4ರಂದು ಕ್ಯಾಥರೀನ್ ಸ್ವೀಡನ್ ಜೊತೆ ಶಾಂತಿ ಆದ ಸಂತೋಷದ ನೆಪದಲ್ಲಿ ಶಿಕ್ಷೆ ಇಳಿಸಿದಳು. ಪದವಿ ಹೋಯಿತು, ಕುಲೀನ ಸ್ಥಾನ ಹೋಯಿತು, 10 ವರ್ಷ ಸೈಬೀರಿಯಾದ ಇಲಿಮ್ಸ್ಕ್‌ಗೆ ಗಡೀಪಾರು.

ವಿಚಾರಣೆಯಲ್ಲಿ ತಪ್ಪಾಯಿತು ಅಂದನಂತೆ. ಹಾಗಾದರೆ ಅವನದೇನು ದೊಡ್ಡಸ್ತಿಕೆ?

ಅಂದದ್ದು ನಿಜ. ವಿಚಾರಣೆ ಮಾಡಿದವನು ರಾಣಿಯ ಗುಪ್ತ ತನಿಖೆಗಳ ಮುಖ್ಯಸ್ಥ ಶೆಷ್ಕೊವ್ಸ್ಕಿ. ಅವನ ಹೆಸರು ಕೇಳಿದರೆ ಪೀಟರ್ಸ್‌ಬರ್ಗ್ ನಡುಗುತ್ತಿತ್ತು. ರದೀಶ್ಚೆವ್ ತನ್ನ ಪುಸ್ತಕವನ್ನು ತಾನೇ ಹಳಿದ. ಲೇಖಕ ಅನ್ನಿಸಿಕೊಳ್ಳುವ ಆಸೆಗೆ ಬಿದ್ದು ಬರೆದೆ ಅಂದ, ಕ್ಷಮೆ ಕೇಳಿದ.

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಬೇಸರವಿಲ್ಲ, ಆದರೆ ಅವನಿದ್ದ ಜಾಗದಲ್ಲಿ ಒಂದು ಸಲ ನಿಂತು ನೋಡಿ. ಹೆಂಡತಿ ಆನ್ನಾ 1783ರಲ್ಲೇ ತೀರಿಹೋಗಿದ್ದಳು. ತಾಯಿ ಇಲ್ಲದ ನಾಲ್ಕು ಮಕ್ಕಳು. ತಲೆಯ ಮೇಲೆ ಕತ್ತಿ. ಆ ಕೋಣೆಯಲ್ಲಿ ಆಡಿದ ಮಾತು ಅವನಿಂದ ಹಿಂಡಿ ತೆಗೆದದ್ದು. ಪುಸ್ತಕದಲ್ಲಿರುವುದು ಅವನು ಎಷ್ಟೋ ವರ್ಷ ಕೂತು ತಾನಾಗಿಯೇ ಬರೆದದ್ದು. ಇವೆರಡರಲ್ಲಿ ಯಾವುದು ಅವನ ಮಾತು ಅಂತ ಕೇಳಿದರೆ ನನಗೆ ಅನುಮಾನವೇ ಇಲ್ಲ.

ಇನ್ನೊಂದು ಸಾಕ್ಷಿಯೂ ಇದೆ. ಸೈಬೀರಿಯಾಕ್ಕೆ ಹೋಗುವ ದಾರಿಯಲ್ಲಿ ತೊಬೊಲ್ಸ್ಕ್‌ನಲ್ಲಿ ಒಂದು ಪುಟ್ಟ ಪದ್ಯ ಬರೆದ. ನಾನು ಯಾರು, ಏನು, ಎಲ್ಲಿಗೆ ಹೊರಟಿದ್ದೇನೆ ಅಂತ ಕೇಳುತ್ತೀಯಾ? ಮೊದಲು ಏನಾಗಿದ್ದೆನೋ ಈಗಲೂ ಅದೇ, ಬದುಕಿರುವ ತನಕ ಅದೇ: ದನವಲ್ಲ, ಮರವಲ್ಲ, ಗುಲಾಮನಲ್ಲ, ಮನುಷ್ಯ. ಕ್ಷಮೆ ಕೇಳಿ ವರ್ಷ ಕಳೆಯುವಷ್ಟರಲ್ಲಿ ಬರೆದದ್ದು ಇದು.

ಸೈಬೀರಿಯಾದಲ್ಲಿ ಹೇಗೆ ಬದುಕಿದ?

ಬೇಡಿ ಹಾಕಿ ಕಳಿಸಿದ್ದರು. ಅವನ ಮೇಲಧಿಕಾರಿಯಾಗಿದ್ದ ಅಲೆಕ್ಸಾಂಡರ್ ವೊರೊಂತ್ಸೊವ್ ಓಡಾಡಿ ದಾರಿಯಲ್ಲೇ ಬೇಡಿ ತೆಗೆಸಿದ. ಮುಂದೆಯೂ ಅಷ್ಟು ವರ್ಷ ದುಡ್ಡು, ಪುಸ್ತಕ ಕಳಿಸುತ್ತಲೇ ಇದ್ದ. ರಾಣಿಯ ಸಿಟ್ಟಿಗೆ ಗುರಿಯಾದವನ ಕೈಬಿಡದೆ ಇರುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ.

ಇಲಿಮ್ಸ್ಕ್ ತಲುಪಿದ್ದು 1792ರ ಜನವರಿಯಲ್ಲಿ. ಪೀಟರ್ಸ್‌ಬರ್ಗ್ ಬಿಟ್ಟು ಒಂದು ವರ್ಷದ ಮೇಲಾಗಿತ್ತು. ತೀರಿಹೋದ ಹೆಂಡತಿಯ ತಂಗಿ ಎಲಿಜವೆತಾ ರುಬನೊವ್ಸ್ಕಯಾ ಚಿಕ್ಕ ಮಕ್ಕಳಿಬ್ಬರನ್ನು ಕರೆದುಕೊಂಡು ತಾನಾಗಿಯೇ ಹಿಂದೆ ಬಂದು ತೊಬೊಲ್ಸ್ಕ್‌ನಲ್ಲಿ ಸೇರಿಕೊಂಡಳು. ಚರ್ಚಿನ ಕಟ್ಟಳೆ ಅಂಥ ಮದುವೆಗೆ ಒಪ್ಪುತ್ತಿರಲಿಲ್ಲ. ಆದರೂ ಇಬ್ಬರೂ ಗಂಡ ಹೆಂಡಿರಾಗಿ ಬದುಕಿದರು, ಮೂರು ಮಕ್ಕಳಾದವು. ಅವನು ಸುತ್ತಲ ಹಳ್ಳಿಯವರಿಗೆ ಔಷಧಿ ಕೊಡುತ್ತಿದ್ದ, ಸಿಡುಬು ಬರದಂತೆ ಚುಚ್ಚು ಹಾಕುತ್ತಿದ್ದ. ಮನುಷ್ಯ, ಅವನ ಸಾವು, ಅಮರತ್ವ ಇದರ ಬಗ್ಗೆ ಒಂದು ದೊಡ್ಡ ಗ್ರಂಥವನ್ನೂ ಬರೆದ.

ಆ ಊರು ಈಗ ಇಲ್ಲ. ಅಂಗಾರಾ ನದಿಗೆ ಉಸ್ತ್-ಇಲಿಮ್ಸ್ಕ್ ಅಣೆಕಟ್ಟು ಕಟ್ಟಿದಾಗ, 1970ರ ದಶಕದಲ್ಲಿ ಮುಳುಗಡೆಯಾಯಿತು. ಹಳೆಯ ಕೋಟೆಯ ಮರದ ಗೋಪುರವೊಂದನ್ನು ಬಿಚ್ಚಿ ತಂದು ಇರ್ಕುತ್ಸ್ಕ್ ಹತ್ತಿರದ ತಾಲ್ತ್ಸಿ ಎಂಬ ಬಯಲು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ.

ಬಿಡುಗಡೆ ಆಯಿತಾ?

1796ರಲ್ಲಿ ಕ್ಯಾಥರೀನ್ ತೀರಿಕೊಂಡಳು. ಮಗ ಪಾಲ್ ಪಟ್ಟಕ್ಕೆ ಬಂದವನೇ ಇವನಿಗೆ ವಾಪಸ್ ಬರಲು ಬಿಟ್ಟ. ಬರುವ ದಾರಿಯಲ್ಲಿ, 1797ರಲ್ಲಿ, ಎಲಿಜವೆತಾ ತೊಬೊಲ್ಸ್ಕ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಅವನೊಬ್ಬನೇ ಮಕ್ಕಳ ಜೊತೆ ನೆಮ್ತ್ಸೊವೊ ಎಂಬ ತನ್ನ ಹಳ್ಳಿಗೆ ಬಂದು ಪೊಲೀಸರ ಕಣ್ಗಾವಲಿನಲ್ಲಿ ಇದ್ದ. 1801ರಲ್ಲಿ ಮೊದಲನೆಯ ಅಲೆಕ್ಸಾಂಡರ್ ಪೂರ್ತಿ ಕ್ಷಮೆ ಕೊಟ್ಟು, ಕಾನೂನು ರಚಿಸುವ ಆಯೋಗಕ್ಕೆ ಸೇರಿಸಿಕೊಂಡ.

ಅಲ್ಲೂ ಅವನು ಕಾನೂನಿನ ಮುಂದೆ ಎಲ್ಲರೂ ಒಂದೇ ಅನ್ನುವ ಮಾತನ್ನೇ ಹಿಡಿದ. ರಷ್ಯನ್ ಕವಿ ಪುಶ್ಕಿನ್ ಬರೆದಿರುವ ಪ್ರಕಾರ, ಆಯೋಗದ ಮುಖ್ಯಸ್ಥ ಜವದೊವ್ಸ್ಕಿ ಒಂದು ದಿನ ಇನ್ನೂ ಹಳೇ ಚಾಳಿ ಬಿಡಲಿಲ್ಲವಾ, ಸೈಬೀರಿಯಾ ಸಾಕಾಗಲಿಲ್ಲವಾ ಅಂತ ಕೇಳಿದ. 1802ರ ಸೆಪ್ಟೆಂಬರ್‌ನಲ್ಲಿ ರದೀಶ್ಚೆವ್ ವಿಷ ಕುಡಿದು ಸತ್ತ. ಕೈತಪ್ಪಿನಿಂದ ಆದದ್ದು ಅನ್ನುವವರೂ ಇದ್ದಾರೆ. ವೊಲ್ಕೊವೊ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸಮಾಧಿ ಯಾವುದು ಅಂತ ಗುರುತು ಉಳಿದಿಲ್ಲ.

ಪುಸ್ತಕ ಮತ್ತೆ ಯಾವಾಗ ಹೊರಬಂತು?

ತುಂಬಾ ತಡವಾಗಿ. ಅಲ್ಲಿಯ ತನಕ ಕೈಬರಹದ ನಕಲುಗಳಲ್ಲಿ ಓಡಾಡಿತು. ಗುಪ್ತ ಪೊಲೀಸರ ಕಚೇರಿಯಲ್ಲಿದ್ದ ಒಂದು ಪ್ರತಿಯನ್ನು ಪುಶ್ಕಿನ್ 200 ರೂಬಲ್ ಕೊಟ್ಟು ಕೊಂಡಿದ್ದ. ಅದನ್ನು ಪುಸ್ತಕದ ಮೇಲೇ ಬರೆದಿಟ್ಟ. 1836ರಲ್ಲಿ ಅವನು ರದೀಶ್ಚೆವ್ ಬಗ್ಗೆ ಬರೆದ ಲೇಖನವನ್ನೂ ಸೆನ್ಸಾರ್ ತಡೆಯಿತು. ಅದರಲ್ಲಿ ಪುಸ್ತಕದ ಶೈಲಿಯನ್ನು ಟೀಕಿಸಿದ್ದಾನೆ, ಬರೆದವನ ತ್ಯಾಗಕ್ಕೂ ಪ್ರಾಮಾಣಿಕತೆಗೂ ತಲೆಬಾಗಿದ್ದಾನೆ. ಶೈಲಿಯ ಬಗ್ಗೆ ಅವನ ಮಾತು ಸುಳ್ಳಲ್ಲ, ಹಳೆಯ ರಷ್ಯನ್, ಉದ್ದುದ್ದ ವಾಕ್ಯ.

1858ರಲ್ಲಿ ದೇಶ ಬಿಟ್ಟುಹೋಗಿದ್ದ ರಷ್ಯನ್ ಲೇಖಕ ಹೆರ್ಜೆನ್ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ರಷ್ಯಾದೊಳಗೆ 1872ರಲ್ಲಿ ತಂದ ಒಂದು ಆವೃತ್ತಿಯನ್ನು ನಾಶ ಮಾಡಿದರು. ಕತ್ತರಿ ಬೀಳದ ಪುಸ್ತಕ ಅಲ್ಲಿನ ಸಾಮಾನ್ಯ ಓದುಗರಿಗೆ ಸಿಕ್ಕಿದ್ದು 1905ರಲ್ಲಿ. ಅಷ್ಟರಲ್ಲಿ 115 ವರ್ಷ ಕಳೆದಿತ್ತು.

ಜೀತ ಹೋದದ್ದು ಅವನಿಂದಲೇನಾ?

ಒಬ್ಬನಿಂದ ಹೋಗಲಿಲ್ಲ. ಜೀತ ರದ್ದಾದದ್ದು 1861ರಲ್ಲಿ, ಎರಡನೆಯ ಅಲೆಕ್ಸಾಂಡರ್ ಕಾಲದಲ್ಲಿ. ಕ್ರೈಮಿಯಾ ಯುದ್ಧದ ಸೋಲು, ರೈತರ ದಂಗೆಗಳ ಭಯ, ಬೇರೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಖೊತಿಲೊವ್ ಅಧ್ಯಾಯದಲ್ಲಿ ರೈತರನ್ನು ಹಂತಹಂತವಾಗಿ ಬಿಡಿಸುವುದು ಹೇಗೆ, ಅವರ ಕೈಗೆ ಉಳುವ ನೆಲ ಸಿಗುವುದು ಹೇಗೆ ಅಂತ 71 ವರ್ಷ ಮೊದಲೇ ಅವನು ಬರೆದಿಟ್ಟಿದ್ದ.

ಓದಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಇಂಗ್ಲಿಷ್‌ನಲ್ಲಿ ಲಿಯೊ ವೀನರ್ ಮಾಡಿದ ಅನುವಾದ 1958ರಲ್ಲಿ ಹಾರ್ವರ್ಡ್‌ನಿಂದ ಬಂದಿದೆ. ಮೊದಲಿಂದ ಓದಬೇಡಿ, ಎಷ್ಟೋ ಜನ ಅಲ್ಲೇ ಸೋತು ಬಿಟ್ಟುಬಿಡುತ್ತಾರೆ. ಲ್ಯೂಬಾನಿ ಓದಿ. ಆಮೇಲೆ ನೇರ ಪೆಶ್ಕಿಗೆ ಬನ್ನಿ. ಅದು ಮಾಸ್ಕೋ ಇನ್ನೇನು ಬಂತು ಅನ್ನುವಾಗ ಸಿಗುವ ನಿಲ್ದಾಣ.

ಪ್ರಯಾಣಿಕನಿಗೆ ಹಸಿವಾಗಿ ಒಂದು ರೈತರ ಗುಡಿಸಲಿಗೆ ನುಗ್ಗುತ್ತಾನೆ. ತಾನು ತಂದ ಮಾಂಸ ತಿಂದು ಕಾಫಿ ಕುಡಿಯುತ್ತಾನೆ. ಮನೆಯಾಕೆ ಹಿಟ್ಟು ನಾದುತ್ತಿದ್ದವಳು ಅವನ ಮುಂದಿದ್ದ ಸಕ್ಕರೆ ನೋಡಿ, ಆ ದೊಡ್ಡವರ ತಿಂಡಿಯಲ್ಲಿ ಒಂದು ಚೂರು ಕೇಳಿಕೊಂಡು ಬಾ ಅಂತ ಪುಟ್ಟ ಮಗನನ್ನು ಕಳಿಸುತ್ತಾಳೆ. ಪ್ರಯಾಣಿಕ ಉಳಿದ ಸಕ್ಕರೆಯನ್ನೆಲ್ಲ ಮಗುವಿಗೆ ಕೊಟ್ಟು, ಇದು ದೊಡ್ಡವರದ್ದು ಅಂತ ಏಕೆ ಅಂದೆ ಅಂತ ಕೇಳುತ್ತಾನೆ. ಕೊಳ್ಳಲು ನಮ್ಮ ಹತ್ತಿರ ದುಡ್ಡಿಲ್ಲ, ನೀವು ತಿನ್ನುವುದು ನಿಮ್ಮ ದುಡಿಮೆಯ ದುಡ್ಡಲ್ಲ, ಅದಕ್ಕೆ ಅನ್ನುತ್ತಾಳೆ. ಹಾಗಾದರೆ ಸಕ್ಕರೆ ತಿನ್ನುವವರೆಲ್ಲ ನಿಮ್ಮನ್ನು ಅಳಿಸುತ್ತಾರಾ? ಎಲ್ಲರೂ ಅಲ್ಲ, ಧಣಿಗಳೆಲ್ಲ. ನಿನ್ನ ರೈತರೂ ನಾವು ತಿನ್ನುವಂಥ ರೊಟ್ಟಿಯನ್ನೇ ತಿನ್ನುತ್ತಿದ್ದರೆ, ನೀನು ಕುಡಿಯುತ್ತಿರುವುದು ಅವರ ಕಣ್ಣೀರನ್ನೇ ಅಲ್ವಾ?

ಹಾಗೆನ್ನುತ್ತಾ ತನ್ನ ರೊಟ್ಟಿಯಲ್ಲಿ ಏನೇನಿದೆ ಅಂತ ತೋರಿಸುತ್ತಾಳೆ. ಮುಕ್ಕಾಲು ಪಾಲು ಹೊಟ್ಟು, ಕಾಲು ಪಾಲು ಜರಡಿ ಹಿಡಿಯದ ಹಿಟ್ಟು. ಅವನು ಆಗ ತಲೆ ಎತ್ತಿ ನೋಡುತ್ತಾನೆ. ಅರ್ಧಕ್ಕೆ ಮಸಿ ಹಿಡಿದ ಗೋಡೆ. ಬಿರುಕು ಬಿಟ್ಟ ನೆಲದ ಮೇಲೆ ಬೆರಳುದ್ದ ಕೊಳೆ. ಹೊಗೆಗೊಳವೆ ಇಲ್ಲದ ಒಲೆ. ಗಾಜಿನ ಬದಲು ಪ್ರಾಣಿಯ ಮೂತ್ರಕೋಶದ ಪೊರೆ ಬಿಗಿದ ಕಿಟಕಿ. ಕೊಡಲಿಯಲ್ಲಿ ಕೆತ್ತಿದ ಮೇಜು. ಹಂದಿ, ಕರುಗಳಿಗೆ ಮೇವಿಡುವ ತೊಟ್ಟಿ, ಅವು ಮಲಗುವುದೂ ಅದೇ ಕೋಣೆಯಲ್ಲಿ. ಅಷ್ಟು ದೂರ ಬಂದ ಮೇಲೆ, ಮಾಸ್ಕೋ ಕೈಗೆಟುಕುವಷ್ಟು ಹತ್ತಿರ ಇರುವಾಗ, ಅವನು ಬರೆಯುತ್ತಾನೆ: ರೈತನ ಮನೆಯನ್ನು ನಾನು ಗಮನವಿಟ್ಟು ನೋಡಿದ್ದು ಇದೇ ಮೊದಲು.